ಹಳದಿ ಗೆರೆಯ ನಿಲ್ಲಿ ಅಕ್ಕ

ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ನೆಲ ಒರೆಸಿದ ಆ ಹೆಂಗಸಿಗೂ ಒಂದು ಹೆಸರಿತ್ತು. ಹಾಜರಿ ಪುಸ್ತಕ ಬಿಟ್ಟರೆ ಅದಕ್ಕೆ ಎಲ್ಲೂ ಕೆಲಸವಿರಲಿಲ್ಲ, ಅಷ್ಟೆ. ಎಲ್ಲರ ಬಾಯಲ್ಲೂ ಆಕೆ ‘ನಿಲ್ಲಿ ಅಕ್ಕ’. ಒರೆಸಿದ ನೆಲ ಆರುವ ಮೊದಲೇ ಯಾರಾದರೂ ಕಾಲಿಟ್ಟರೆ ಕಾರಿಡಾರಿನ ಆ ತುದಿಯಿಂದ ‘ನಿಲ್ಲಿ!’ ಎಂಬ ಕೂಗು ಬರುತ್ತಿತ್ತು. ಆ ಕೂಗಿಗೆ ರೋಗಿ, ನೆಂಟರು, ನರ್ಸು ಎಂಬ ಭೇದವಿರಲಿಲ್ಲ. ಒಮ್ಮೆ ಆಪರೇಷನ್ನಿಗೆ ಹೊರಟಿದ್ದ ಸರ್ಜನ್ನರೊಬ್ಬರು ಎತ್ತಿದ ಕಾಲು ಇಳಿಸದೆ ಕೊಕ್ಕರೆಯ ಹಾಗೆ ಅರ್ಧ ನಿಮಿಷ ನಿಂತಿದ್ದರಂತೆ. ಶೌಚಾಲಯದ ಮಾಪಿಗೆ ಕೆಂಪು ಹಿಡಿ, ವಾರ್ಡಿನ ಮಾಪಿಗೆ ನೀಲಿ ಹಿಡಿ ಎಂದು ನಿಯಮ ಮಾಡಿದವಳೂ ಅವಳೇ. ಕೆಂಪು ಮಾಪು ನೀಲಿಯ ಪಕ್ಕ ಸುಮ್ಮನೆ ಒರಗಿ ನಿಂತಿದ್ದರೂ ಆಕೆಗೆ ಮೈ ಉರಿಯುತ್ತಿತ್ತು.

ಇಂಥವಳು ಮನೆಗೆ ಹೋದ ಮೇಲೆ ಸುಮ್ಮನಿರುತ್ತಾಳೆಯೇ? ಅಲ್ಲಿ ಅವಳ ಕೈಗೆ ಸಿಕ್ಕವಳು ಸೊಸೆ. ಸೊಸೆ ಅದೇ ಆಸ್ಪತ್ರೆಯಲ್ಲಿ ನರ್ಸು, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. ಅವಳಿಗೊಂದು ಅಭ್ಯಾಸವಿತ್ತು. ಬೆವರಿದರೆ, ಅತ್ತರೆ, ಯೋಚನೆಗೆ ಬಿದ್ದರೆ ಎಡಗೈಯ ಮಣಿಕಟ್ಟಿನಿಂದ ಕಣ್ಣು ಉಜ್ಜಿಕೊಳ್ಳುವುದು. ಪಾತ್ರೆ ತೊಳೆಯುತ್ತಿದ್ದರೂ ಅಷ್ಟೆ, ಮಗಳ ಮೂಗು ಒರೆಸುತ್ತಿದ್ದರೂ ಅಷ್ಟೆ.

“ಆ ಕೈ ಎಲ್ಲೆಲ್ಲಿ ಇಟ್ಟಿದ್ಯೋ ಏನೋ, ಈಗ ಕಣ್ಣಿಗೆ ತಗೊಂಡು ಹೋದ್ಯಾ?” ಎಂದು ಅತ್ತೆ ಶುರು ಮಾಡಿದರೆ, “ನರ್ಸಿಂಗ್ ಓದಿದ್ದು ನಾನಾ ನೀವಾ ಅತ್ತೆ?” ಎಂದು ಸೊಸೆ. ನಡುವೆ ಬಸ್ ಡ್ರೈವರ್ ಮಗ, ಅಡಕತ್ತರಿಗೆ ಸಿಕ್ಕ ಅಡಿಕೆ. ಊರಿನ ಟ್ರಾಫಿಕ್ಕೇ ವಾಸಿ ಎಂದು ಅವನು ರಜೆಯ ದಿನವೂ ಡಿಪೋಗೆ ಹೋಗಿಬಿಡುತ್ತಿದ್ದ.

ಹೀಗೆ ಒಂಬತ್ತು ವರ್ಷ ಕಳೆದ ಮೇಲೆ ಆ ಜ್ವರ ಬಂತು.

ಮೊದಲು ತಲೆನೋವು, ಮೂರನೇ ದಿನ ವಾಂತಿ, ಐದನೇ ದಿನ ಒಸಡಿನಲ್ಲಿ ರಕ್ತ. ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಎರಡನೇ ವಾರ ನೋಡುತ್ತಿರಲಿಲ್ಲ. ವೈರಸ್ಸಿಗೆ ವಿಜ್ಞಾನಿಗಳು ಉದ್ದದ ಹೆಸರಿಟ್ಟಿದ್ದರು. ಊರಿನವರು ‘ಆ ಜ್ವರ’ ಎನ್ನುತ್ತಿದ್ದರು, ಅದನ್ನೂ ದನಿ ತಗ್ಗಿಸಿ. ಆಂಬುಲೆನ್ಸಿನ ಸದ್ದು ಕೇಳಿದರೆ ಬೀದಿಯಲ್ಲಿ ಒಂದೊಂದಾಗಿ ಕಿಟಕಿ ಮುಚ್ಚಿಕೊಳ್ಳುತ್ತಿದ್ದವು. ಆಸ್ಪತ್ರೆಯ ಹಿಂದಿನ ಕಟ್ಟಡ ಖಾಲಿ ಮಾಡಿಸಿ ಜ್ವರದ ವಾರ್ಡು ಮಾಡಿದರು. ಎರಡೇ ವಾರದಲ್ಲಿ ಆ ವಾರ್ಡಿನ ಹಿರಿಯ ನರ್ಸೊಬ್ಬರೂ ಕಾಂಪೌಂಡರೂ ಅದೇ ಜ್ವರಕ್ಕೆ ಹೋಗಿಬಿಟ್ಟರು. ಇಬ್ಬರೂ ಮೈತುಂಬ ಸೂಟು ಹಾಕಿಕೊಂಡೇ ಕೆಲಸ ಮಾಡಿದವರು.

ಇಂಥ ಜ್ವರವನ್ನು ಮೂರು ದೇಶಗಳಲ್ಲಿ ಎದುರಿಸಿದ್ದ ತರಬೇತಿಯ ಮೇಡಂ ಒಬ್ಬರು ಬಂದರು. ಒಂದು ದಿನವೆಲ್ಲ ಮೂಲೆಯಲ್ಲಿ ನಿಂತು ನೋಡಿ, ಸಂಜೆ ಎಲ್ಲರನ್ನೂ ಕೂರಿಸಿ ಹೇಳಿದರು: “ನಿಮ್ಮವರಿಗೆ ರೋಗ ಹತ್ತಿದ್ದು ವಾರ್ಡಿನ ಒಳಗಲ್ಲ, ಸೂಟು ಬಿಚ್ಚೋವಾಗ. ಸೂಟಿನ ಮೇಲೆಲ್ಲ ವೈರಸ್ ಇರುತ್ತೆ. ಒಂದು ಗಂಟೆ ಬೆಂದು ಬಂದಿರ್ತೀರಿ, ಯಾವಾಗ ಕಿತ್ತೆಸೀತೀನೋ ಅನ್ನಿಸ್ತಿರುತ್ತೆ. ತಪ್ಪಾಗೋದೇ ಆಗ. ಬಿಚ್ಚೋವಾಗ ಒಬ್ಬರು ಎದುರಿಗೆ ನಿಂತು ಪ್ರತಿ ಹೆಜ್ಜೆ ಹೇಳ್ಬೇಕು. ಅವರು ಹೇಳೋವರೆಗೂ ಯಾರೂ ಬೆರಳೂ ಅಲ್ಲಾಡಿಸಬಾರದು.”

ಆ ಕೆಲಸಕ್ಕೆ ಮೊದಲು ನಿಲ್ಲಿಸಿದ್ದು ಒಬ್ಬ ಕಿರಿಯ ಡಾಕ್ಟರನ್ನು. ಬಹಳ ಓದಿದವನು, ಅದಕ್ಕಿಂತ ಬಹಳ ವಿನಯದವನು. ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಹೊರಗೆ ಬಂದು ಎಲ್ಲಕ್ಕಿಂತ ಮೊದಲು ಮಾಸ್ಕಿಗೆ ಕೈ ಹಾಕಿದರು. “ಸರ್, ಅಂದ್ರೆ, ತಾವು ತಪ್ಪು ತಿಳೀಬಾರದು...” ಎಂದು ಇವನು ಶುರು ಮಾಡಿ ವಾಕ್ಯ ಮುಗಿಸುವಷ್ಟರಲ್ಲಿ ಮಾಸ್ಕು ಅವರ ಕೈಯಲ್ಲಿತ್ತು. ಅದೃಷ್ಟಕ್ಕೆ ಆ ದಿನ ಅವರಿಗೇನೂ ಆಗಲಿಲ್ಲ. ಮೇಡಂ ತಲೆ ಮೇಲೆ ಕೈ ಹೊತ್ತುಕೊಂಡು ಕಾರಿಡಾರಿಗೆ ಬಂದರು.

“ನಿಲ್ಲಿ!”

ಮೇಡಂ ನಿಂತರು. ಆ ತುದಿಯಲ್ಲಿ ನೀಲಿ ಹಿಡಿಯ ಮಾಪು ಹಿಡಿದು ಒಬ್ಬ ಹೆಂಗಸು.

“ನಾನ್ಯಾರು ಗೊತ್ತೇನಮ್ಮ?”

“ಯಾರಾದ್ರೂ ಆಗಿರಿ. ನೆಲ ಒದ್ದೆ ಇದೆ.”

ಆ ಊರಿಗೆ ಬಂದ ಮೇಲೆ ಮೇಡಂ ನಕ್ಕಿದ್ದು ಅದೇ ಮೊದಲು. ಐದು ನಿಮಿಷದಲ್ಲಿ ಕೆಲಸ ಏನೆಂದು ವಿವರಿಸಿದರು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ.

“ನನ್ನ ಸೊಸೆ ಆ ವಾರ್ಡಲ್ಲಿದ್ದಾಳೆ. ಅವಳು ಬಿಚ್ಚೋವಾಗಲೂ ನಾನೇ ನಿಂತಿರ್ತೀನಾ?”

“ಎಲ್ಲರನ್ನೂ ಒಂದೇ ಥರ ನೋಡ್ಬೇಕಾಗುತ್ತೆ.”

“ಎಲ್ಲರನ್ನೂ ನೋಡ್ತೀನಿ. ಅವಳನ್ನ ಸ್ವಲ್ಪ ಜಾಸ್ತಿ ನೋಡ್ತೀನಿ” ಎಂದು ಅಕ್ಕ ಮಾಪನ್ನು ಗೋಡೆಗೆ ಒರಗಿಸಿದಳು.

ವಿಷಯವೇನೆಂದರೆ, ಅತ್ತೆ ಸೊಸೆ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. ಜ್ವರದ ವಾರ್ಡಿಗೆ ಯಾರು ಬರುತ್ತೀರಿ ಎಂದು ಕೇಳಿದಾಗ ಸೊಸೆ ತಾನಾಗಿ ಕೈ ಎತ್ತಿದ್ದಳು. “ನಿನಗೊಂದು ಮಗು ಇದೆ ಅನ್ನೋದು ನೆನಪಿದೆಯಾ?” ಎಂದು ಅತ್ತೆ ಕಿರುಚಿದ್ದಳು. “ಒಳಗೆ ಮಲಗಿರೋರಿಗೂ ಮಕ್ಕಳಿದಾವೆ ಅತ್ತೆ” ಎಂದು ಹೇಳಿ, ಬಟ್ಟೆ ತುಂಬಿಕೊಂಡು, ವಾರ್ಡಿನವರಿಗೆ ಕೊಟ್ಟಿದ್ದ ಹಾಸ್ಟೆಲ್ ಸೇರಿಕೊಂಡಿದ್ದಳು. ಆರು ವರ್ಷದ ಮೊಮ್ಮಗಳನ್ನು ಮಗನಿಗೆ ಒಪ್ಪಿಸಿ ಈಗ ಅತ್ತೆಯೂ ಅದೇ ಹಾಸ್ಟೆಲ್ಲಿಗೆ ಗಂಟು ಕಟ್ಟಿದಳು. ಸೊಸೆಯನ್ನು ಜೀವಂತವಾಗಿ ಮನೆಗೆ ಕರೆದುಕೊಂಡು ಹೋಗಬೇಕು ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು. ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳಲಿಲ್ಲ.

ಸೂಟು ಬಿಚ್ಚುವ ಕೋಣೆ ಮೊದಲು ಹಾಸಿಗೆ ಇಡುವ ಉಗ್ರಾಣವಾಗಿತ್ತು. ಎರಡು ಬಾಗಿಲು. ಒಂದು ವಾರ್ಡಿನ ಕಡೆಗೆ, ಒಂದು ಹೊರಗೆ. ನೆಲದ ನಡುವೆ ಹಳದಿ ಗೆರೆ. ಗೆರೆಯ ಆಚೆ ಬ್ಲೀಚ್ ನೀರಿನ ಡ್ರಮ್ಮು, ನಲ್ಲಿ, ಒಂದು ಕನ್ನಡಿ, ಮುಚ್ಚಳದ ತೊಟ್ಟಿ. ಗೆರೆಯ ಈಚೆ ಅಕ್ಕ. ಹದಿನಾರು ಹೆಜ್ಜೆಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ಅಕ್ಷರ ಕೂಡಿಸಿ ಓದುತ್ತಿದ್ದ ಅಕ್ಕ ಮೂರು ದಿನದಲ್ಲಿ ಅದನ್ನು ಬಾಯಿಪಾಠ ಮಾಡಿ, ಅದರ ಪುಸ್ತಕದ ಭಾಷೆಯನ್ನು ಕಿತ್ತುಹಾಕಿ ತನ್ನ ಭಾಷೆ ಇಟ್ಟಳು. “ತಲೆ ಬಗ್ಗಿಸಿ, ಕಣ್ಣು ಮುಚ್ಚಿ, ಕನ್ನಡಕ ಹಿಂದಿನಿಂದ ಎತ್ತಿ.” “ಸೂಟು ಸುರುಳಿ ಸುತ್ತಿ, ಹೊರಗಿಂದು ಒಳಗೆ ಹೋಗ್ಲಿ.” ಪ್ರತಿ ಹೆಜ್ಜೆಯ ನಂತರ ಒಂದೇ ಪದ, “ಕೈ.” ಅಂದರೆ ಕೈ ತೊಳೆಯಿರಿ. ಹದಿನಾರೂ ಮುಗಿದ ಮೇಲೆ, “ಆಯ್ತು, ಬನ್ನಿ.” ಆ ಮಾತು ಬರುವವರೆಗೆ ಗೆರೆ ದಾಟುವಂತಿಲ್ಲ.

ದೊಡ್ಡ ಡಾಕ್ಟರಿಗೆ ಮೊದಲ ದಿನ ಕೋಪ ನೆತ್ತಿಗೇರಿತು. ನೆಲ ಒರೆಸುವವಳು ತಮಗೆ ಕೈ ತೊಳೆಯಲು ಹೇಳುವುದೆಂದರೇನು! “ನನಗೆ ಮೂವತ್ತು ವರ್ಷದ ಅನುಭವ ಇದೆಯಮ್ಮ” ಎಂದರು. “ಆ ಜ್ವರಕ್ಕೆ ಎಷ್ಟು ವರ್ಷದ ಅನುಭವ ಇದೆಯೋ ಯಾರಿಗೆ ಗೊತ್ತು ಸಾರ್. ಕೈ” ಎಂದಳು ಅಕ್ಕ. ಅವರು ತೊಳೆದರು.

ಸೊಸೆ ಬಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದ ಹಾಗೆ ನೋಡಿಕೊಂಡರು. ಹನ್ನೊಂದು ದಿನದ ನಂತರ ಅವರ ನಡುವೆ ಹೊರಟ ಮೊದಲ ಮಾತು, “ನಿಲ್ಲು. ಕೈ.” ಏಪ್ರನ್ ಹೋಯಿತು, ಕನ್ನಡಕ ಹೋಯಿತು. ಬೆವರು ಹುಬ್ಬಿನಿಂದ ಇಳಿಯುತ್ತಿತ್ತು.

“ಮಣಿಕಟ್ಟು!”

ಸೊಸೆಯ ಎಡಗೈ ಸೊಂಟದ ಹತ್ತಿರವೇ ನಿಂತಿತು. ಪಕ್ಕದಲ್ಲಿದ್ದ ಮೇಡಮ್ಮಿಗೆ ಕೈ ಎದ್ದದ್ದೂ ಕಂಡಿರಲಿಲ್ಲ. “ಅಷ್ಟು ಬೇಗ ಹೇಗೆ ಗೊತ್ತಾಯ್ತು?” ಎಂದು ಆಮೇಲೆ ಕೇಳಿದರು.

“ಒಂಬತ್ತು ವರ್ಷದಿಂದ ಅದಕ್ಕೇ ಬೈತಾ ಇದೀನಲ್ಲ ಮೇಡಂ” ಎಂದಳು ಅಕ್ಕ. ಸೊಸೆಯ ತಪ್ಪುಗಳೆಲ್ಲ ನಾಲಿಗೆ ತುದಿಯಲ್ಲಿರುವ ಅತ್ತೆಯರನ್ನು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಕೋಣೆಯಲ್ಲಿ ಅಂಥ ಅತ್ತೆಯೇ ಬೇಕಾಗಿತ್ತು.

ವಾರಗಳು ಉರುಳಿದವು. ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಯಾರು ಯಾವ ತಪ್ಪು ಮಾಡುತ್ತಾರೆಂಬುದು ಅವಳಿಗೆ ಅಂಗೈ ನೆಲ್ಲಿಯಾಯಿತು. ಕಿರಿಯ ಡಾಕ್ಟರ್ ಮೂಗು ತುರಿಸಿಕೊಳ್ಳುತ್ತಾನೆ, ಕಸ ಸಾಗಿಸುವವನು ಬೂಟನ್ನು ಬೂಟಿನಿಂದಲೇ ಒದ್ದು ಬಿಚ್ಚುತ್ತಾನೆ, ದೊಡ್ಡ ಡಾಕ್ಟರಿಗೆ ಎಂದೂ ಅವಸರ. ಮೂವತ್ತೊಂದು ಜನ ದಿನಕ್ಕೆರಡು ಸಲ ಒಳಗೆ ಹೋಗಿ ಬಂದರು. ಅಕ್ಕ ನಿಂತ ಮೇಲೆ ಒಬ್ಬರಿಗೂ ಜ್ವರ ಬರಲಿಲ್ಲ. ವಾರ್ಡಿಗೆ ಬರಲು ಹೆದರಿ ರಜೆ ಹಾಕಿದ್ದವರು ಒಬ್ಬೊಬ್ಬರಾಗಿ ಮರಳಿ ಬಂದರು. “ಬಿಚ್ಚೋವಾಗ ನಿಲ್ಲಿ ಅಕ್ಕ ಇರ್ತಾರಾ?” ಎಂದು ಮೊದಲು ಕೇಳಿಕೊಂಡೇ ಬಂದರು.

ಏಳನೇ ವಾರ, ಒಂದು ಮಧ್ಯಾಹ್ನ, ವಾರ್ಡಿನಲ್ಲಿ ಆರು ವರ್ಷದ ಒಂದು ಹುಡುಗಿ ತೀರಿಕೊಂಡಳು. ಸೊಸೆ ಮೂರು ದಿನದಿಂದ ಅವಳ ಹಾಸಿಗೆ ಬಿಟ್ಟು ಅಲ್ಲಾಡಿರಲಿಲ್ಲ ಎನ್ನುವಷ್ಟು ನೋಡಿಕೊಂಡಿದ್ದಳು. ಹೊರಗೆ ಬಂದಾಗ ನೆಟ್ಟಗೆ ಬಂದಳು. ಹೊರಗಿನ ಗ್ಲೌಸು ತೆಗೆದಳು, ಏಪ್ರನ್ ತೆಗೆದಳು, ಕಣ್ಣು ಮುಚ್ಚಿ ಕನ್ನಡಕ ತೆಗೆದಳು. ಕಣ್ಣು ತೆರೆದು ಅತ್ತೆಯನ್ನು ನೋಡಿದ್ದೇ ತಡ, ನೆಲದ ಮೇಲೆ ಕೂತುಬಿಟ್ಟಳು. “ನಮ್ಮ ಪುಟ್ಟಿ ಥರಾನೇ ಇದ್ಳು ಅತ್ತೆ” ಎನ್ನುತ್ತಾ ಬಿಕ್ಕಿದಳು. ಎಡಗೈ ಮಣಿಕಟ್ಟು ಮೇಲೆದ್ದಿತು.

ಇಪ್ಪತ್ತಾರು ವರ್ಷ ಊರಿಗೆಲ್ಲ ನಿಲ್ಲಿ ನಿಲ್ಲಿ ಎಂದವಳಿಗೆ ಆ ಒಂದು ಗಳಿಗೆಯಲ್ಲಿ ಗೆರೆಯೂ ಕಾಣಲಿಲ್ಲ, ಜ್ವರವೂ ನೆನಪಾಗಲಿಲ್ಲ. ಅಳುತ್ತಿರುವ ಹುಡುಗಿ ಮಾತ್ರ ಕಂಡಳು. ಸೆರಗು ಕೈಗೆ ತೆಗೆದುಕೊಂಡು ಕಣ್ಣೊರೆಸಲು ಮುಂದಡಿಯಿಟ್ಟಳು.

“ಅತ್ತೆ, ನಿಲ್ಲಿ!”

ಗೋಡೆ ನಡುಗುವ ಹಾಗೆ ಕೂಗಿದ್ದು ಸೊಸೆ. ಅವಳ ಮಣಿಕಟ್ಟು ಕಣ್ಣಿನಿಂದ ನಾಲ್ಕು ಬೆರಳು ದೂರದಲ್ಲಿ ನಿಂತಿತ್ತು. ಅತ್ತೆಯ ಬಲಗಾಲಿನ ಬೂಟಿನ ತುದಿ ಗೆರೆಯ ಆಚೆ ನೆಲ ಮುಟ್ಟಿತ್ತು. ಇಬ್ಬರೂ ಹಾಗೇ ಕಲ್ಲಾದರು. ಒಬ್ಬರ ತಪ್ಪು ಇನ್ನೊಬ್ಬರ ಕಣ್ಣಿಗೆ ಬಿದ್ದಿದ್ದರಿಂದ ಇಬ್ಬರೂ ಉಳಿದರು.

ಅಕ್ಕ ಕಾಲು ಹಿಂದೆ ತೆಗೆದು, ಆ ಬೂಟನ್ನು ಬ್ಲೀಚ್ ನೀರಿನ ತಟ್ಟೆಯಲ್ಲಿಟ್ಟಳು. ಒಂದು ಸಲ ಉಸಿರೆಳೆದುಕೊಂಡಳು.

“ಏಳು ಮಗಳೇ. ಅಳು, ಬೇಡ ಅನ್ನಲ್ಲ. ಕಣ್ಣೀರು ಮುಖದ ಮೇಲೇ ಇಳೀಲಿ. ಕೈ ಮಾತ್ರ ಮೇಲೆ ಬರಬಾರದು. ನಾನು ಎಲ್ಲಿಗೂ ಹೋಗಲ್ಲ. ಕೈ.”

ಹದಿನೈದು ನಿಮಿಷದ ಕೆಲಸ ಅವತ್ತು ನಲವತ್ತು ನಿಮಿಷ ಹಿಡಿಯಿತು. ಒಂಬತ್ತು ವರ್ಷದಲ್ಲಿ ಅತ್ತೆ ಅವಳನ್ನು ಮಗಳೇ ಎಂದದ್ದು ಅದೇ ಮೊದಲ ಸಲ. ಹೇಳಿದವಳಿಗೆ ಅದು ಗೊತ್ತಾಗಲಿಲ್ಲ, ಕೇಳಿದವಳು ಮರೆಯಲಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಸೊಸೆ ಬೇಕಿದ್ದರೆ ಅದನ್ನೇ ಹಿಡಿದುಕೊಂಡು ಆಡಬಹುದಿತ್ತು. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಅಕ್ಕ ತಾನೇ ನೆಟ್ಟಗೆ ಮೇಡಂ ಹತ್ತಿರ ಹೋಗಿ, “ನಾನು ಗೆರೆ ದಾಟಿದೆ. ಬರ್ಕೊಳ್ಳಿ” ಎಂದಳು. ಕೆಲಸದಿಂದ ತೆಗೆಯುತ್ತಾರೆಂದೇ ಅಂದುಕೊಂಡಿದ್ದಳು. ಮೇಡಂ ಬರೆದುಕೊಂಡರು. ಇಪ್ಪತ್ತೊಂದು ದಿನ ಬೆಳಿಗ್ಗೆ ಸಂಜೆ ಜ್ವರ ನೋಡಿಸಿಕೊಳ್ಳಬೇಕು ಎಂದರು. ಆಮೇಲೆ, “ತಾನು ಮಾಡಿದ ತಪ್ಪನ್ನ ತಾನೇ ಬಂದು ಹೇಳೋರು ನನಗೆ ಮೂರು ದೇಶದಲ್ಲೂ ಜಾಸ್ತಿ ಸಿಗಲಿಲ್ಲ. ಹೋಗಿ, ನಿಮ್ಮ ಜಾಗದಲ್ಲಿ ನಿಲ್ಲಿ” ಎಂದರು.

“ಒಂದು ಹಗ್ಗ ಕೊಡಿಸಿ” ಎಂದಳು ಅಕ್ಕ. “ಬಟ್ಟೆ ಒಣಹಾಕೋ ಹಗ್ಗಾನೇ ಸಾಕು. ಗೆರೆ ಅವರಿಗೆ. ಹಗ್ಗ ನನಗೆ.”

ಗೆರೆಯ ಈಚೆ, ಸೊಂಟದೆತ್ತರಕ್ಕೆ, ಗೋಡೆಯಿಂದ ಗೋಡೆಗೆ ತಾನೇ ಬಿಗಿದು ಕಟ್ಟಿದಳು. ಮುಂದೆ ಬಾಗಿದರೆ ಹಗ್ಗ ಹೊಟ್ಟೆಗೆ ಒತ್ತಿ ನೆನಪು ಮಾಡುತ್ತಿತ್ತು. ಬಟ್ಟೆ ಒಣಹಾಕುವ ಆ ಹಗ್ಗದ ಚಿತ್ರವನ್ನು ಮೇಡಂ ತೆಗೆದುಕೊಂಡು ಬೇರೆ ಊರುಗಳ ವಾರ್ಡುಗಳಿಗೂ ಕಳಿಸಿದರು. ಇಪ್ಪತ್ತೊಂದು ದಿನ ಕಳೆಯಿತು. ಅತ್ತೆಗೂ ಏನೂ ಆಗಲಿಲ್ಲ, ಸೊಸೆಗೂ ಏನೂ ಆಗಲಿಲ್ಲ.

ಜ್ವರ ಸೋಲತೊಡಗಿತು. ವಾರ್ಡಿಗೆ ಬಂದವರಿಗಿಂತ ಹೊರಗೆ ನಡೆದು ಹೋದವರು ಹೆಚ್ಚಾದರು. ಒಂದು ದಿನ ಕೊನೆಯ ರೋಗಿ, ಒಬ್ಬ ದರ್ಜಿ, ತನ್ನ ಕಾಲ ಮೇಲೆ ತಾನೇ ನಡೆದು ಹೊರಬಂದ. ಸಡಿಲಾಗಿದ್ದ ಪ್ಯಾಂಟನ್ನು ಹಿಡಿದುಕೊಂಡು, “ಹೋದ ತಕ್ಷಣ ಮೊದಲು ಇದರ ಸೊಂಟ ಹಿಡಿದು ಹೊಲೀಬೇಕು” ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ನಲವತ್ತೆರಡು ದಿನ ಹೊಸ ರೋಗಿ ಬಾರದಿದ್ದರೆ ಜ್ವರ ಮುಗಿಯಿತೆಂದು ಲೆಕ್ಕ. ವಾರ್ಡು ತೆರೆದೇ ಇತ್ತು, ಅನುಮಾನದವರು ಬಂದು ಪರೀಕ್ಷೆ ಮಾಡಿಸಿಕೊಂಡು ಹೋದರು, ಒಬ್ಬರಲ್ಲೂ ವೈರಸ್ ಸಿಗಲಿಲ್ಲ.

ನಲವತ್ತೆರಡನೇ ದಿನ ವಾರ್ಡನ್ನು ಕೊನೆಯ ಸಲ ತೊಳೆಯಲು ದೊಡ್ಡ ಡಾಕ್ಟರೂ ಸೊಸೆಯೂ ಇನ್ನಿಬ್ಬರೂ ಸೂಟು ಹಾಕಿ ಒಳಗೆ ಹೋದರು. ಹೊರಗೆ ಅಂಗಳದಲ್ಲಿ ಜನ ಸೇರಿದ್ದರು. ಮಗ ಡ್ಯೂಟಿಯ ಬಸ್ಸನ್ನೇ ಗೇಟಿಗೆ ತಂದು ನಿಲ್ಲಿಸಿದ್ದ, ಮೊಮ್ಮಗಳು ಅದರ ಹಾರ್ನ್ ಒತ್ತುತ್ತಲೇ ಇದ್ದಳು. ದೊಡ್ಡ ಡಾಕ್ಟರು ಹೊರಬಂದು ಬಡಬಡ ಬಿಚ್ಚತೊಡಗಿದರು.

“ನಿಲ್ಲಿ. ಕೈ.”

“ಇವತ್ತು ವೈರಸ್ಸೇ ಇಲ್ಲ ಅಕ್ಕ!”

“ಅದು ನಿಮಗೆ ಗೊತ್ತು ಸಾರ್. ಅದಕ್ಕೆ ಗೊತ್ತಾ? ಕೈ.”

ಅವರು ನಗುತ್ತಾ ತೊಳೆದರು, ಹದಿನಾರೂ ಮುಗಿಸಿದರು, ಗೆರೆ ದಾಟಿ, ಹಗ್ಗದ ಕೆಳಗೆ ನುಸುಳಿ ಬಂದು ಅಕ್ಕನಿಗೆ ಕೈ ಮುಗಿದರು. “ನೀವು ನಿಂತ ಮೇಲೆ ಮೂವತ್ತೊಂದು ಜನ ಒಳಗೆ ಹೋದ್ವಿ. ಮೂವತ್ತೊಂದು ಜನಾನೂ ಮನೆಗೆ ಹೋಗ್ತಾ ಇದೀವಿ” ಎಂದರು. ಅಕ್ಕ ಅವರತ್ತ ನೋಡಲಿಲ್ಲ, ಏಕೆಂದರೆ ಇನ್ನೊಬ್ಬಳು ಬಾಕಿ ಇದ್ದಳು.

ಸೊಸೆ ಕೊನೆಯವಳಾಗಿ ಬಂದಳು. ಒಂದೊಂದೇ ಹೆಜ್ಜೆ, ಒಂದೊಂದೇ ಕೈ. ಹದಿನಾರನೆಯದೂ ಮುಗಿಯಿತು. ಗೆರೆಯ ಆಚೆ ಒದ್ದೆ ಕೈ ಇಳಿಬಿಟ್ಟು ನಿಂತಳು. ಅತ್ತೆಯ ಮಾತಿಗೆ ಕಾದಳು. ಅತ್ತೆ ಗೋಡೆಯ ಹತ್ತಿರ ಹೋಗಿ ಹಗ್ಗದ ಗಂಟಿಗೆ ಕೈ ಹಾಕಿದಳು. ಕಟ್ಟಿದವಳು ಅವಳೇ, ಹಾಗಾಗಿ ಅದು ಸುಲಭಕ್ಕೆ ಬಿಚ್ಚುವ ಗಂಟಾಗಿರಲಿಲ್ಲ. ಉಗುರು ಹಾಕಿ ಎಳೆದಳು. ಕಣ್ಣು ಮಂಜಾಗಿ ಗಂಟೇ ಕಾಣದಾಯಿತು. ಎಡಗೈ ಎತ್ತಿ ಮಣಿಕಟ್ಟಿನಿಂದ ಕಣ್ಣುಜ್ಜಿಕೊಂಡಳು.

“ಆ ಕೈ ಎಲ್ಲೆಲ್ಲಿ ಇಟ್ಟಿದ್ರಿ ಅತ್ತೆ, ಈಗ ಕಣ್ಣಿಗೆ ತಗೊಂಡು ಹೋದ್ರಾ?”

ಅಕ್ಕನಿಗೆ ಅಳುವಿನ ನಡುವೆಯೇ ನಗು ಒತ್ತರಿಸಿ ಬಂತು. ಗಂಟು ಬಿಚ್ಚಿತು, ಹಗ್ಗ ನೆಲಕ್ಕೆ ಬಿತ್ತು. ಅವಳು ಎರಡು ಕೈಯನ್ನೂ ಚಾಚಿದಳು.

“ಆಯ್ತು ಮಗಳೇ, ಬಾ.”