ಶಕ್ತಿಯ ಮಾತ್ರೆ

ಅಪ್ಪನ ಎಡಗೈ ನಡುಗಲು ಶುರುವಾದಾಗ ನಾವು ಯಾರೂ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಅವರ ಕೆಲಸವೆಲ್ಲ ಬಲಗೈಯಲ್ಲೇ ನಡೆಯುತ್ತಿತ್ತು. ಹೆದರಿದವರು ಅವರೊಬ್ಬರೇ. ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಬೇಕು. ಅದಾಗದೆ ಅವರು ತೊಟ್ಟು ನೀರೂ ಕುಡಿಯುವವರಲ್ಲ. ಲಿಂಗ ಕೈಜಾರಿ ಬಿದ್ದರೆ ತಾನು ಬದುಕಿರಬಾರದು ಎಂದೇ ನಂಬಿದ್ದರು.

ಎಪ್ಪತ್ತರ ದಶಕದ ನಡುವಿನ ಮಾತು. ರೈಲು ಹತ್ತಿಸಿ ಬೆಂಗಳೂರಿನ ನರರೋಗದ ಡಾಕ್ಟರಿಗೆ ತೋರಿಸಿದೆ. ಪಾರ್ಕಿನ್ಸನ್ ಕಾಯಿಲೆ ಎಂದರು, ಲೆವೊಡೋಪಾ ಎಂಬ ಹೊಸ ಮಾತ್ರೆ ಬರೆದರು. ಕೆಲವು ವಾರಗಳಲ್ಲಿ ಕೈನಡುಕ ನಿಂತಿತು. ಬಿಲ್ವಪತ್ರೆ ಏರಿಸಿದ ಅಂಗೈ ಅಲುಗದಿರುವುದನ್ನು ಕಂಡು ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ಆದರೆ ಮಾತ್ರೆಯಿಂದ ಓಕರಿಕೆ. ಊಟ ಸೇರದೆ ಅಪ್ಪ ಸೊರಗಿದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಮ್ಮ. ಎಲ್ಲ ಬಲ್ಲೆನೆಂಬ ಜಂಬ ಬೇರೆ. ಯಾರನ್ನೂ ಕೇಳದೆ ಬಿ-ಕಾಂಪ್ಲೆಕ್ಸ್ ಮಾತ್ರೆ ತಂದು, ಪೂಜೆಯಾದ ಮೇಲೆ ಒಂದು, ಸಂಜೆ ಒಂದು ಕೊಡತೊಡಗಿದೆ.

ಕೆಲವೇ ದಿನಗಳಲ್ಲಿ ನಡುಕ ಮರಳಿತು. ನನಗೆ ತಲೆಬುಡ ತಿಳಿಯಲಿಲ್ಲ. ಅದೇ ಲೆವೊಡೋಪಾ, ಅದೇ ಹೊತ್ತು! ಕಾಗದ ಬರೆದರೆ ಡಾಕ್ಟರು, ಬೇರೆ ಔಷಧಿ ಏನಾದರೂ ಕೊಡುತ್ತಿದ್ದೀರಾ ಎಂದು ಕೇಳಿದರು. ಏನೂ ಇಲ್ಲ ಎಂದು ಬರೆದೆ. ಸುಳ್ಳು ಹೇಳಿದ್ದಲ್ಲ, ಶಕ್ತಿಗೆಂದು ಕೊಡುವುದನ್ನು ನಮ್ಮ ಕಡೆ ಯಾರೂ ಔಷಧಿ ಅನ್ನುವುದಿಲ್ಲ. ಹಾಗಾದರೆ ಅಪ್ಪನೇ ಕದ್ದು ಉಗುಳುತ್ತಿರಬೇಕು ಅನ್ನಿಸಿ ಸಿಟ್ಟು ನೆತ್ತಿಗೇರಿತು.

"ನುಂಗ್ತೀರೋ, ಕಿಟಕಿಯಾಚೆ ಎಸೀತೀರೋ? ಬಾಯಿ ತೆಗೀರಿ, ನೋಡ್ತೀನಿ," ಎಂದು ಸ್ಕೂಲಿನ ಮಕ್ಕಳನ್ನು ಗದರುವ ಹಾಗೆ ಗದರಿದೆ.

ಅಪ್ಪ ಬಾಯಿ ತೆರೆದರು. ನಾಲಿಗೆ ಎತ್ತಿಯೂ ತೋರಿಸಿದರು. ಆಮೇಲೆ, "ನಾನೇ ಏನೋ ತಪ್ಪು ಮಾಡಿರ್ಬೇಕು ಕಣವ್ವ. ಶಿವ ನನ್ ಕೈಲಿ ಇರಕ್ಕೆ ಒಪ್ತಿಲ್ಲ," ಎಂದರು.

ಅಂದಿನಿಂದ ಪೂಜೆಯ ಹೊತ್ತಿಗೆ ಅವರ ಅಂಗೈ ಕೆಳಗೆ ನನ್ನ ಅಂಗೈ ಕೊಟ್ಟು ಕೂತೆ. ಅವರ ನಡುಕ ನನ್ನ ಮೊಣಕೈವರೆಗೂ ಬರುತ್ತಿತ್ತು. ಪೂಜೆ ಮುಗಿದೊಡನೆ ಅದೇ ಕೈಯಿಂದ ಬಿ-ಕಾಂಪ್ಲೆಕ್ಸ್ ಕೊಡುತ್ತಿದ್ದೆ.

ಎರಡು ತಿಂಗಳ ಮೇಲೆ ಮತ್ತೆ ಬೆಂಗಳೂರಿಗೆ ಹೋದೆವು. ರೈಲಿನಲ್ಲಿ ಕೊಡಲು ಮರೆತಿದ್ದ ಮಾತ್ರೆಯನ್ನು ಡಾಕ್ಟರ ಎದುರಿಗೇ ಕರ್ಚೀಫಿನ ಗಂಟಿನಿಂದ ಬಿಚ್ಚಿದೆ.

"ಏನಮ್ಮ ಅದು?"

"ಔಷಧಿ ಅಲ್ಲ ಡಾಕ್ಟ್ರೇ, ಬಿ-ಕಾಂಪ್ಲೆಕ್ಸ್. ಶಕ್ತಿಗೆ."

ಅವರು ಪೆನ್ನು ಕೆಳಗಿಟ್ಟರು. ಅದರಲ್ಲಿರುವ ಬಿ-ಆರು ವಿಟಮಿನ್, ಲೆವೊಡೋಪಾ ಮಿದುಳು ತಲುಪುವ ಮೊದಲೇ ಅದನ್ನು ಕೆಡಿಸಿಬಿಡುತ್ತದೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. ಇಂಗ್ಲಿಷ್ ಬಾರದ ಅಪ್ಪ ನಮ್ಮಿಬ್ಬರ ಮುಖವನ್ನೂ ನೋಡುತ್ತ ಕೂತಿದ್ದರು.

ಶಕ್ತಿಯ ಮಾತ್ರೆ ನಿಲ್ಲಿಸಿದೆ. ನಡುಕ ದಿನದಿನಕ್ಕೂ ಇಳಿಯಿತು. ಒಂದು ಬೆಳಿಗ್ಗೆ ನಾನು ಕೈ ಕೊಡಲು ಹೋದರೆ ಅಪ್ಪ ಮೆಲ್ಲಗೆ ಸರಿಸಿದರು. ಲಿಂಗ ಅವರ ಅಂಗೈಯಲ್ಲಿ ಅಲುಗದೆ ಕೂತಿತ್ತು.

"ಸಾಕು ಮಗಾ. ನೀನು ಕೈ ಕೊಟ್ಟಿದ್ದಕ್ಕೇ ನನ್ ಕೈ ನಿಂತ್ಕಂತು."

ನಾನು ಬಿ-ಕಾಂಪ್ಲೆಕ್ಸಿನ ಮಾತೆತ್ತದೆ ಬಿಲ್ವಪತ್ರೆಯ ತಟ್ಟೆ ಅವರ ಮುಂದಿಟ್ಟೆ. ಮಂಡಿಗೆ ಬಂದವರಿಗೆಲ್ಲ ಅಪ್ಪ ಕೊನೆಯವರೆಗೂ ಹಾಗೇ ಹೇಳುತ್ತಿದ್ದರು.