ಡೈರಿ ಹಿಂದಿನ ಕೋಣೆಯಲ್ಲಿ ನೋವಿಗೊಂದು ಚಾಪೆ

ಕುದೂರು ಹೋಬಳಿಯ ಈ ಊರಿನಲ್ಲಿ ಮಂಜಿನ ಕಾಲದ ಬೆಳಗು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಬರುವವರು ಕಾಣುವುದಿಲ್ಲ, ಅವರ ಕೈಯ ಹಾಲಿನ ಕ್ಯಾನಿನ ಸದ್ದು ಮಾತ್ರ ಕೇಳುತ್ತದೆ. ಡೈರಿಯ ದೀಪದಡಿಗೆ ಬಂದ ಮೇಲೆ ಒಬ್ಬೊಬ್ಬರಿಗೂ ಮುಖ ಮೂಡುತ್ತದೆ. ಹಾಲು ಅಳೆದು ಸುರಿದುಕೊಳ್ಳುವ ಧನಲಕ್ಷ್ಮಿ ಆ ಮುಖ ನೋಡಿಯೇ ರಾತ್ರಿ ಯಾರಿಗೆ ನಿದ್ದೆ ಹತ್ತಿಲ್ಲ ಎಂದು ತಿಳಿದುಕೊಳ್ಳುತ್ತಾರೆ. ಸಾಲು ಕರಗಿದ ಮೇಲೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಡೈರಿಯ ಹಿಂದಿನ ಕೋಣೆಯ ಬಾಗಿಲು ತಳ್ಳುತ್ತಾರೆ.

ಹಿಂದೆ ಬೂಸಾ ಮೂಟೆ ಪೇರಿಸುತ್ತಿದ್ದ ಕೋಣೆ. ಮೂಟೆಗಳು ಹೋದರೂ ವಾಸನೆ ಹೋಗಿಲ್ಲ. ಹನ್ನೆರಡು ಹದಿಮೂರು ಹೆಂಗಸರು ಖಾಲಿ ಕ್ಯಾನುಗಳನ್ನು ಗೋಡೆ ಬದಿಗಿಟ್ಟು ಚಾಪೆ ಹಾಸುತ್ತಾರೆ. ಕೆಲವರು ಗೋಡೆ ಹಿಡಿದು ಕೂರುತ್ತಾರೆ, ಕೆಲವರು ಪಕ್ಕದವಳ ಹೆಗಲು ಹಿಡಿದು. ಎಲ್ಲರೂ ಮಲಗಿದ ಮೇಲೆ ಧನಲಕ್ಷ್ಮಿಯ ದನಿ ಶುರುವಾಗುತ್ತದೆ.

"ಅವಸ್ರ ಬ್ಯಾಡ ಕಣ್ರವ್ವ. ಕಾಲ್ಬೆರಳಿಂದ ಸುರು ಮಾಡಾನ. ಒಸಿ ಬಿಗಿ ಮಾಡಿ, ಬುಟ್ಬುಡಿ. ಉಸ್ರು ಎಳ್ಕಳಿ, ಬುಟ್ಬುಡಿ. ಈಗ ಎಲ್ಲಾರೂ ಕೆರೆ ಏರಿ ಮ್ಯಾಲೆ ನಡೀತಾ ಇದೀವಿ. ನೀರು ತಣ್ಣಗೈತೆ. ಕೊಕ್ಕರೆ ಕುಂತೈತೆ, ಹಾರುಸ್ಬ್ಯಾಡಿ."

ಯಾರೂ ಹಾರಿಸುವುದಿಲ್ಲ. ಕೋಣೆಯಲ್ಲಿ ಉಸಿರಿನ ಸದ್ದು ಮಾತ್ರ ಉಳಿಯುತ್ತದೆ. ಹೊರಗೆ ಮಂಜು, ಒಳಗೆ ಮುಚ್ಚಿದ ಕಣ್ಣುಗಳ ಹಿಂದೆ ಒಂದು ಕೆರೆ. ನಿಜವಾದ ಕೆರೆಯಲ್ಲಿ ಈಗ ನೀರು ಎಷ್ಟಿದೆ ಎಂದು ಕೇಳುವ ತಂಟೆಗೆ ಯಾರೂ ಹೋಗುವುದಿಲ್ಲ.

ಇವರೆಲ್ಲರ ಕಾಯಿಲೆಯ ಹೆಸರು ಫೈಬ್ರೊಮಯಾಲ್ಜಿಯಾ. ಮೈಯೆಲ್ಲ ನೋವು, ಎದ್ದಾಗಲೇ ಸುಸ್ತು, ಬಾರದ ನಿದ್ದೆ. ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ರಕ್ತದಲ್ಲಿ ಸಿಗುವುದಿಲ್ಲ. ಕಾಣದ ನೋವಿಗೆ ಊರು ಇಡುವ ಹೆಸರು ಒಂದೇ, ಸೋಮಾರಿತನ. ಮೂರು ಸೀಮೆ ಹಸು ಕಟ್ಟಿರುವ ಅಕ್ಬರಿ ಬೇಗಂ ನಗುತ್ತಲೇ ಹೇಳುತ್ತಾರೆ: "ಸ್ಕ್ಯಾನ್ ಮಾಡ್ಸುದ್ರೆ ಎಲ್ಲಾ ನಾರ್ಮಲ್ ಅಂದ್ರು. ನಾರ್ಮಲ್ ಅಂತ ಕೇಳಿ ಅತ್ತಿದ್ದು ನಾನೊಬ್ಳೇ ಇರ್ಬೇಕು."

ಧನಲಕ್ಷ್ಮಿಯೂ ಅತ್ತವರೇ. ಬಿಡದಿಯ ಕಾರ್ಖಾನೆಯೊಂದರಲ್ಲಿ ಹೊಲಿಗೆ ಮೆಷಿನ್ ಮುಂದೆ ವರ್ಷಗಟ್ಟಲೆ ಕೂತವರು. ಕುತ್ತಿಗೆಯಲ್ಲಿ ಹುಟ್ಟಿದ ನೋವು ಬೆನ್ನಿಗಿಳಿಯಿತು, ಸೊಂಟ ಹಿಡಿಯಿತು, ಕೊನೆಗೆ ತಲೆ ಬಾಚಿದರೂ ನೋವು ಎನ್ನುವಂತಾಯಿತು. ಇಂಜೆಕ್ಷನ್ ಆಯಿತು, ಎಣ್ಣೆ ಆಯಿತು, ಹರಕೆ ಆಯಿತು. ಕೆಲಸ ಬಿಟ್ಟರು. ಗೂಡ್ಸ್ ಆಟೊ ಓಡಿಸುವ ಗಂಡ ಮುನಿಕೃಷ್ಣ ಒಳ್ಳೆಯವರೇ, ಆದರೂ ಒಂದು ದಿನ ಬಾಯಿ ತಪ್ಪಿ "ನಿಂದು ಬರೀ ನಾಟ್ಕ" ಎಂದುಬಿಟ್ಟರಂತೆ. "ನೋವು ತಡ್ಕಬೋದು ಸಾ, ಆ ಮಾತ ತಡ್ಕಳಾಕಾಗ್ಲಿಲ್ಲ" ಎನ್ನುತ್ತಾರೆ ಧನಲಕ್ಷ್ಮಿ.

ಆಗ ಸಿಕ್ಕವರು ಮಾಗಡಿಯ ಫಿಸಿಯೋಥೆರಪಿಸ್ಟ್ ಚೈತ್ರಾ. ನೋವಿನವರನ್ನೆಲ್ಲ ಗುಂಪಾಗಿ ಕೂರಿಸಿ, ಮೆಲ್ಲಗೆ ನಡೆಯುವುದು, ಮೈ ಚಾಚುವುದು, ಉಸಿರಾಡುವುದು, ಕೆಲಸವನ್ನು ತುಂಡು ತುಂಡಾಗಿ ಮಾಡುವುದನ್ನು ಕಲಿಸಿದರು. ಗುಂಪಿನಲ್ಲಿ ಮಾತ್ರೆ ಕೊಡುವುದಿಲ್ಲ, ಡಾಕ್ಟರು ಕೊಟ್ಟ ಮಾತ್ರೆ ಬಿಡಿ ಎಂದು ಹೇಳುವುದೂ ಇಲ್ಲ. "ನನ್ನಂತೋರು ಇನ್ನೂ ಅವ್ರೆ ಅಂತ ಗೊತ್ತಾದ ದಿನವೇ ಅರ್ಧ ನೋವು ಇಳೀತು" ಎಂದು ಧನಲಕ್ಷ್ಮಿ ನೆನೆಯುತ್ತಾರೆ. ಅಲ್ಲಿ ಕಲಿತದ್ದನ್ನು ಊರಿಗೆ ತಂದರು. ಚೈತ್ರಾ ಈಗಲೂ ತಿಂಗಳಿಗೊಮ್ಮೆ ಬಂದು ನೋಡುತ್ತಾರೆ. ಉಳಿದ ಬೆಳಗುಗಳೆಲ್ಲ ಧನಲಕ್ಷ್ಮಿಯವು, ಸಂಬಳ ಡೈರಿ ಕೆಲಸಕ್ಕೆ ಮಾತ್ರ.

ಡೈರಿಯ ಹಿಂದೆಯೇ ಏಕೆ ಎಂದರೆ ಅವರ ಕಣ್ಣು ತುಂಟಾಗುತ್ತದೆ. "ಕ್ಲಾಸಿಗೋಯ್ತೀನಿ ಅಂದ್ರೆ ಯಾವ್ ಮನೇಲಿ ಕಳುಸ್ತಾರೆ? ಹಾಲಾಕಿ ಬತ್ತೀನಿ ಅಂದ್ರೆ ಯಾರೂ ಕೇಳಾಕಿಲ್ಲ." ಹಾಗೆ ಹಾಲಿನ ಕ್ಯಾನೇ ಇಲ್ಲಿ ರಹದಾರಿ. ಗುಂಪಿಗೆ ಒಂದೇ ಕಟ್ಟುನಿಟ್ಟು: ವಾರಕ್ಕೊಮ್ಮೆ ಸುತ್ತ ಕೂತು ಕಷ್ಟಸುಖ ಹೇಳಿಕೊಳ್ಳುವಾಗ ಯಾರಿಗೂ ಯಾರೂ ಔಷಧಿ ಹೇಳಕೂಡದು. ಹಳ್ಳಿಯಲ್ಲಿ ಬಾಯಿ ಇದ್ದವರೆಲ್ಲ ವೈದ್ಯರೇ, ಈ ನಿಯಮ ಪಾಲಿಸುವುದು ವ್ಯಾಯಾಮಕ್ಕಿಂತ ಕಷ್ಟವಂತೆ.

ಇಷ್ಟೆಲ್ಲ ನಡೆಯುವ ಕೋಣೆಗೆ ಕಳೆದ ತಿಂಗಳು ಬೀಗ ಬೀಳುವ ಹಾಗಾಗಿತ್ತು.

ಗುಂಪಿಗೆ ಹೊಸದಾಗಿ ಸೇರಿದ್ದ ಮಾರಕ್ಕನಿಗೆ ಒಂದು ಬೆಳಗ್ಗೆ ಮೈ ಹಗುರವಾಯಿತು. ಎಷ್ಟೋ ಕಾಲದ ಮೇಲೆ ಸಿಕ್ಕ ದಿನ. ಬಿಟ್ಟರೆ ಕೆಟ್ಟೆ ಎಂದು ಸೊಂಟ ಕಟ್ಟಿದ ಮಾರಕ್ಕ ಮನೆಯ ರಗ್ಗುಗಳನ್ನೆಲ್ಲ ಒಗೆದರು, ಅಂಗಳ ಸಾರಿಸಿದರು, ಅಟ್ಟದ ಪಾತ್ರೆಗಳನ್ನು ಇಳಿಸಿ ತೊಳೆದರು, ಸಂಜೆ ರೇಷ್ಮೆ ಹುಳಕ್ಕೆ ಸೊಪ್ಪಿನ ಹೊರೆಯನ್ನೂ ಹೊತ್ತರು. ಮರುದಿನ ಏಳಲಾಗಲಿಲ್ಲ. ಅದರ ಮರುದಿನವೂ ಇಲ್ಲ. ಇಲ್ಲಿನ ಎಲ್ಲ ಹೆಂಗಸರೂ ಮಾಡುವ ತಪ್ಪು ಇದೇ. "ನೋವು ಇರೋ ದಿನ ನಾವು ಕೆಡಾಕಿಲ್ಲ. ನೋವು ಬುಟ್ಟ ದಿನ ಕೆಡ್ತೀವಿ. ಬಾಕಿ ಕೆಲ್ಸ ಎಲ್ಲಾ ಅವತ್ತೇ ಮಾಡ್ಬುಡಾನ ಅನ್ನೋ ದುರಾಸೆ" ಎನ್ನುತ್ತಾರೆ ಧನಲಕ್ಷ್ಮಿ.

ಮೂರನೆಯ ಬೆಳಗ್ಗೆ ಡೈರಿಗೆ ಕ್ಯಾನು ಹಿಡಿದು ಬಂದವರು ಮಾರಕ್ಕ ಅಲ್ಲ, ಗಂಡ ನರಸಯ್ಯ. "ನಿಮ್ ಕಸರತ್ತಿಂದ ನಮ್ಮೋಳು ಮಂಚ ಹಿಡುದ್ಲು. ಇನ್ಮೇಲೆ ಹಾಲು ನಾನೇ ತತ್ತೀನಿ" ಎಂದು ಎಲ್ಲರ ಮುಂದೆ ಹೇಳಿದರು. ಮಾತು ಸಣ್ಣದು, ಪೆಟ್ಟು ದೊಡ್ಡದು. ವಾರ ಕಳೆಯುವಷ್ಟರಲ್ಲಿ ಇನ್ನೆರಡು ಮನೆಯಿಂದಲೂ ಗಂಡಸರೇ ಕ್ಯಾನು ತಂದರು. ಹೀಗೇ ಹೋದರೆ ಮಾರಕ್ಕನ ಜೊತೆಗೆ ಉಳಿದವರ ಬೆಳಗುಗಳೂ ಮುಗಿದ ಹಾಗೆಯೇ. ಧನಲಕ್ಷ್ಮಿಗೆ ಅನ್ನ ಸೇರಲಿಲ್ಲ.

ಒಂದು ಮಧ್ಯಾಹ್ನ ಅವರೇ ನರಸಯ್ಯನ ಮನೆಗೆ ಹೋದರು. ಹುಳದ ಮನೆ ಬಾಗಿಲಲ್ಲಿ ನರಸಯ್ಯ ತುಟಿಗೆ ಬೆರಳಿಟ್ಟು ನಿಂತಿದ್ದರು. "ಮೆಲ್ಲಗೆ ಬಾರವ್ವ, ಜ್ವರಕ್ಕೆ ಕುಂತವೆ." ರೇಷ್ಮೆ ಹುಳು ಬೆಳೆಯುವ ನಡುನಡುವೆ ಚರ್ಮ ಕಳಚಲು ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಇರುತ್ತದೆ. ಬೆಳೆಗಾರರು ಅದನ್ನು ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ತಟ್ಟೆ ಕದಲಿಸುವಂತಿಲ್ಲ, ಇಡೀ ಮನೆ ಪಿಸುಮಾತಿಗೆ ಇಳಿಯುತ್ತದೆ.

"ಕೆದಕುದ್ರೆ ಏನಾಯ್ತದಣ್ಣ?" ಎಂದು ಧನಲಕ್ಷ್ಮಿ ಪಿಸುಗುಟ್ಟಿದರು.

"ಕೆಡ್ತವೆ. ಆಮೇಲೆ ಸರ್ಯಾಗಿ ಗೂಡು ಕಟ್ಟಾಕಿಲ್ಲ."

"ಮೈ ಮ್ಯಾಲೆ ಗಾಯ ಏನೂ ಕಾಣಾಕಿಲ್ಲ. ಆದ್ರೂ ನಂಬ್ತೀರಲ್ಲ."

ನರಸಯ್ಯನಿಗೆ ಮಾತಿನ ಜಾಡು ತಿಳಿಯಿತು. "ಹೆಂಡ್ತಿನ ಹುಳಕ್ಕೆ ಹೋಲುಸ್ತೀಯೇನವ್ವ?"

"ಹುಳದಷ್ಟಾದ್ರೂ ಕಾಣಿ ಅಂತೀನಿ ಕಣಣ್ಣ."

ನರಸಯ್ಯ ಹುಳದ ಮನೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು. ಕಾಫಿಗೂ ಕರೆಯಲಿಲ್ಲ. ಮನೆಗೆ ಬಂದ ಧನಲಕ್ಷ್ಮಿ ಬಾಯಿ ಬಿಟ್ಟು ಕೆಟ್ಟೆ ಎಂದುಕೊಂಡರು. ಮುಂದಿನ ನಾಲ್ಕಾರು ಬೆಳಗುಗಳಲ್ಲೂ ಕ್ಯಾನು ಹಿಡಿದು ಬಂದವರು ನರಸಯ್ಯನೇ.

ಇವತ್ತು ಮಂಜಿನಲ್ಲಿ ಎರಡು ಜೊತೆ ಚಪ್ಪಲಿಯ ಸದ್ದು ಕೇಳುತ್ತಿದೆ. ಮುಂದೆ ಕ್ಯಾನು ಹಿಡಿದ ನರಸಯ್ಯ, ಹಿಂದೆ ಕಂಬಳಿ ಹೊದ್ದ ಮಾರಕ್ಕ. ಹಾಲು ಅಳೆಸಿದ ಮೇಲೆ ಮಾರಕ್ಕ ಹಿಂದಿನ ಕೋಣೆಗೆ ಬರುತ್ತಾರೆ. ಅಕ್ಬರಿ ಬೇಗಂ ತಮ್ಮ ಚಾಪೆಯನ್ನು ಒಂದಿಷ್ಟು ಪಕ್ಕಕ್ಕೆಳೆದು ಜಾಗ ಬಿಡುತ್ತಾರೆ. ಮಾರಕ್ಕ ಮಲಗುತ್ತಾರೆ. ಧನಲಕ್ಷ್ಮಿಯ ದನಿ ಕಾಲ್ಬೆರಳಿಂದ ಮೊಣಕಾಲಿಗೆ, ಮೊಣಕಾಲಿಂದ ಹೆಗಲಿಗೆ ಬರುವಷ್ಟರಲ್ಲಿ ಮಾರಕ್ಕನ ಬಾಯಿ ಒಂದಿಷ್ಟು ತೆರೆದು, ಸಣ್ಣ ಗೊರಕೆ ಕೇಳುತ್ತದೆ. ಎಷ್ಟು ರಾತ್ರಿಗಳ ನಿದ್ದೆಯೋ ಅದು.

ಉಳಿದವರು ಎದ್ದು, ಚಾಪೆ ಸುತ್ತಿ, ಕ್ಯಾನು ಎತ್ತಿಕೊಂಡು ಹೋಗುತ್ತಾರೆ. ಬಾಗಿಲಾಚೆ ನರಸಯ್ಯ ಇನ್ನೂ ನಿಂತಿದ್ದಾರೆ. ಮತ್ತೊಂದು ಜ್ವರ ಬಿಟ್ಟೆದ್ದ ಹುಳುಗಳಿಗೆ ಹಸಿವು ಜಾಸ್ತಿ, ಸೊಪ್ಪು ಹಾಕುವ ಹೊತ್ತು ಮೀರುತ್ತಿದೆ, ಮನೆಯಲ್ಲಿ ಸೊಪ್ಪು ಕತ್ತರಿಸುವ ಕೆಲಸ ಎಂದಿನಿಂದಲೂ ಮಾರಕ್ಕನದು. ಅದು ಗೊತ್ತಿದ್ದ ಧನಲಕ್ಷ್ಮಿ ಎಬ್ಬಿಸಲು ಬಗ್ಗುತ್ತಾರೆ.

"ಬ್ಯಾಡ ಬುಡವ್ವ" ಎನ್ನುತ್ತಾರೆ ನರಸಯ್ಯ, ಹುಳದ ಮನೆಯಲ್ಲಿ ಆಡುವ ದನಿಯಲ್ಲೇ. "ಎದ್ಮೇಲೆ ನಿಧಾನಕ್ಕೆ ಬಾ ಅನ್ನು. ಸೊಪ್ಪು ನಾನು ಆಕ್ಕತೀನಿ." ಖಾಲಿ ಕ್ಯಾನು ಸದ್ದು ಮಾಡದಂತೆ ಎತ್ತಿಕೊಂಡು ಮಂಜಿನೊಳಗೆ ಹೋಗುತ್ತಾರೆ.

ಧನಲಕ್ಷ್ಮಿ ಡೈರಿ ತೊಳೆಯಬೇಕು, ಮನೆಗೆ ಹೋಗಿ ಮುದ್ದೆಗೆ ಹಿಟ್ಟು ತೊಳಸಬೇಕು. ಅವರ ಸೊಂಟವೂ ಬೆಳಗ್ಗೆಯಿಂದ ಹಿಡಿದುಕೊಂಡಿದೆ. ಆದರೂ ಹೋಗದೆ, ಮಾರಕ್ಕ ಮಲಗಿರುವ ಕಡೆಯ ಕಿಟಕಿಗೆ ಬೆನ್ನು ಮಾಡಿ ನಿಂತಿದ್ದಾರೆ. ನಿಮ್ಮ ಗುಂಪಿಗೆ ಏನಾಗಬೇಕು ಎಂದು ಕೇಳಿದರೆ ನಿಂತಲ್ಲಿಂದಲೇ ಬೆನ್ನ ಹಿಂದಕ್ಕೆ ಕೈ ತೋರಿಸುತ್ತಾರೆ.

"ಈ ಕಿಟ್ಕಿಗೊಂದು ಪರ್ದೆ ಆಗ್ಬೇಕು ಸಾ. ಬಿಸ್ಲು ಬಂದ್ರೆ ನೆಟ್ಟಗೆ ಮಕದ ಮ್ಯಾಲೆ ಬೀಳ್ತದೆ. ಅಲ್ಲೀಗಂಟ ಪರ್ವಾಗಿಲ್ಲ, ನಾನೇ ನಿಂತ್ಕತೀನಿ."