ಕಸ್ತೂರಕ್ಕ ‘ಇಲ್ಲ’ ಒತ್ತಿದ್ದು

ಉದ್ಯಮ, ಕಾಲೇಜು, ಸಂಶೋಧನಾ ಸಂಸ್ಥೆ ಮೂರೂ ಕೂಡಿದರೆ ಹೊಸದೇನು ಹುಟ್ಟುತ್ತದೆ ಎಂದು ಕಂಪ್ಯೂಟರಿನಲ್ಲಿ ಆಡಿಸಿ ತೋರಿಸುವುದು ಕಾಲೇಜಿನಲ್ಲಿ ನನಗೆ ಬಿದ್ದ ಕೆಲಸ. ರಾಮದುರ್ಗದಲ್ಲಿ ಆ ಆಟ ನಡೆದಿತ್ತು. ತಮಗೆ ಗೊತ್ತಿರುವುದನ್ನು ಉಳಿದವರಿಗೆ ಕೊಡುವವರು ‘ಹೌದು’ ಒತ್ತಬೇಕು, ಕೊಡದವರು ‘ಇಲ್ಲ’. ಮಗ್ಗದ ಮಾಲೀಕರ ಪರವಾಗಿ ಕೂತಿದ್ದ ಕಸ್ತೂರಕ್ಕ ಪ್ರತಿ ಸಲವೂ ‘ಇಲ್ಲ’ ಒತ್ತಿದರು. ಹೊಸದು ಎಷ್ಟು ಹುಟ್ಟಿತೆಂದು ತೋರಿಸುವ ಪರದೆಯ ಮೇಲಿನ ಗೆರೆ ನೆಲ ಕಚ್ಚಿತು.

ಸಂಶೋಧನಾ ಸಂಸ್ಥೆಯ ನಿರ್ದೇಶಕರು ನನ್ನ ಕಿವಿಯ ಹತ್ತಿರ ಬಂದು, “ಆಕೀ ಬಟನ್ ಬಂದ್ ಮಾಡ್ರಿ. ಎಲ್ಲಾ ಹೌದು ಅಂತ ನೀವ ಹಾಕ್ರಿ,” ಎಂದರು.

ನನಗೆ ಮೈಯೆಲ್ಲ ಉರಿಯಿತು. ಮೈಕಿನಲ್ಲೇ ಕೇಳಿದೆ: “ಅಕ್ಕಾರ, ಯಾಕ ಇಲ್ಲ ಅಂತೀರಿ?”

“ನೂಲು ಹರದ ಕೂಡ್ಲೆ ಮಗ್ಗ ನಿಲ್ಲಸೋ ಕೀಲು ನಾನ ಮಾಡಿದ್ದೆ. ಪರೀಕ್ಷಾ ಮಾಡತೇವಿ ಅಂತ ಈ ಸಾಹೇಬ್ರು ಒಯ್ದ್ರು. ಈಗ ಫೋನ್ ಸೈತ ಎತ್ತೂದಿಲ್ಲ.”

“ಅದು ಬ್ಯಾರೆ ವಿಷಯ,” ಎಂದರು ನಿರ್ದೇಶಕರು.

“ಇಲ್ರಿ ಸರ್, ಇವತ್ತಿನ ವಿಷಯಾನ ಅದು. ಅಕ್ಕಾರ ಕೀಲು ಬರೂತನಕ ನಾ ಇಲ್ಲಿ ಒಂದ ಗೆರಿನೂ ತಿದ್ದೂದಿಲ್ಲ,” ಎಂದೆ. ಸಭೆಯಲ್ಲಿದ್ದ ನೇಕಾರರೆಲ್ಲ ತಮ್ಮನ್ನೇ ನೋಡತೊಡಗಿದಾಗ ನಿರ್ದೇಶಕರು ಅಲ್ಲಿಂದಲೇ ತಮ್ಮ ಆಫೀಸಿಗೆ ಫೋನ್ ಮಾಡಿದರು.

ವಾರದೊಳಗೆ ಕೀಲು ಬಸ್ಸಿನ ಪಾರ್ಸಲ್‌ನಲ್ಲಿ ಬಂತು. ನೋಡಲೆಂದು ನಾನೂ ಕಸ್ತೂರಕ್ಕನ ಮನೆಗೆ ಹೋದೆ. ಅದರ ಮೇಲೆ ಸಂಸ್ಥೆಯ ಹೆಸರನ್ನು ಕೆಂಪು ಬಣ್ಣದಲ್ಲಿ ದಪ್ಪಗೆ ಬರೆಸಿದ್ದರು. ಕಸ್ತೂರಕ್ಕ ಸೀಮೆಎಣ್ಣೆ ಹಚ್ಚಿ ತಿಕ್ಕಲು ಕೂತರು. ನೋಡಲಾರದೆ ನಾನೂ ಒಂದು ಅರಿವೆ ತುಂಡು ಹಿಡಿದು ಕೂತೆ. ಎಷ್ಟು ಉಜ್ಜಿದರೂ ಹೆಸರು ಅಳಿಯಲಿಲ್ಲ. ಆ ಬಣ್ಣದ ಮೇಲೆ ಮಾತ್ರ ಸಂಸ್ಥೆಯವರು ನಿಜಕ್ಕೂ ಸಂಶೋಧನೆ ಮಾಡಿರಬೇಕು.